ಕರಿಬೇವಿನ ಕೊಸರೂ ನನ್ನ ಎಂ.ಎ. ಪರೀಕ್ಷೆಯೂ

ಕಲಿತ ವಿದ್ಯೆಯನ್ನು ತರಗತಿಯ ಬಾಗಿಲಲ್ಲೇ ಬಿಟ್ಟು ಬರುವ ವ್ಯವಸ್ಥೆ ಇರಬೇಕು ಎಂದು ಈಚೆಗೆ ನನಗೆ ಬಲವಾಗಿ ಅನ್ನಿಸತೊಡಗಿದೆ. ದೇವಸ್ಥಾನದ ಹೊರಗೆ ಚಪ್ಪಲಿ ಬಿಡುತ್ತೇವಲ್ಲ, ಹಾಗೆ. ಬೇಕಾದಾಗ ಹೋಗಿ ಮೆಟ್ಟಿಕೊಂಡರಾಯಿತು. ಆದರೆ ವಿದ್ಯೆ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಹಿಂದೆಯೇ ಮನೆಗೆ ಬರುತ್ತದೆ, ಅಡುಗೆಮನೆಗೆ ನುಗ್ಗುತ್ತದೆ, ಕಾಯಿಪಲ್ಲೆಯ ಚೀಲದೊಳಗೂ ಕೈ ಹಾಕುತ್ತದೆ. ನಮ್ಮ ಸಂಬಂಧಿಕರೊಬ್ಬರು ನಿವೃತ್ತಿಯಾದ ಮೇಲೆ ವಾಸ್ತುಶಾಸ್ತ್ರ ಕಲಿತು, ಮೊದಲ ಪ್ರಯೋಗವಾಗಿ ತಮ್ಮದೇ ಮನೆಯ ಬಚ್ಚಲನ್ನು ಒಡೆಸಿ, ಒಂದು ಮಳೆಗಾಲ ಪೂರ್ತಿ ಪಕ್ಕದ ಮನೆಯಲ್ಲಿ ಸ್ನಾನ ಮಾಡಿದರು. ಆಗ ಅವರ ಎದುರಿಗೇ ಬಿದ್ದು ಬಿದ್ದು ನಕ್ಕವಳು ನಾನು. ಈಗ ಅವರು ನಗುವ ಸರದಿ. ಏಕೆಂದರೆ ನಾನು ವಿಶ್ವವಿದ್ಯಾಲಯದಲ್ಲಿ ಕೃಷಿ ಮಾರುಕಟ್ಟೆಯ ಅರ್ಥಶಾಸ್ತ್ರ ಓದಲು ಹೋಗಿ, ಹೊಸಪೇಟೆಯ ಸಂತೆಯಲ್ಲಿ ಒಂದು ಕಟ್ಟು ಮೆಂತ್ಯದ ಸೊಪ್ಪನ್ನು ಮರ್ಯಾದೆಯಿಂದ ಕೊಳ್ಳಲಾಗದ ಸ್ಥಿತಿಗೆ ಬಂದೆ.

ನನ್ನ ವಯಸ್ಸಿನವರು ಎಂ.ಎ. ಓದುತ್ತೇವೆಂದರೆ ಜನ ಮೊದಲು ಕೇಳುವುದು "ಯಾಕ?" ಎಂದು. ನನ್ನ ಬಳಿ ದೊಡ್ಡ ಉತ್ತರವೇನೂ ಇರಲಿಲ್ಲ. ಮಗಳನ್ನು ಸಂಡೂರಿಗೆ ಕೊಟ್ಟ ಮೇಲೆ ಮಧ್ಯಾಹ್ನಗಳು ಉದ್ದವಾದವು. ನಮ್ಮವರು ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಪಾಳಿಯ ಕೆಲಸ ಮಾಡುವವರು. ಊರೆಲ್ಲ ಏಳುವಾಗ ಅವರು ಮಲಗುತ್ತಾರೆ, ಊರು ಮಲಗುವಾಗ ಕಂಪನಿ ಬಸ್ಸು ಹಿಡಿಯುತ್ತಾರೆ. ಚಿತ್ತವಾಡ್ಗಿಯ ನಮ್ಮ ಮನೆಯಲ್ಲಿ ಹಗಲು ಹೊತ್ತು ಎಚ್ಚರವಾಗಿರುವವರು ನಾನು ಮತ್ತು ನಮ್ಮತ್ತೆ ಇಂದಿರಾಬಾಯಿ ಇಬ್ಬರೇ. ಅಂಚೆ ತೆರಪಿನ ಶಿಕ್ಷಣದ ಪ್ರಕಟಣೆ ಕಣ್ಣಿಗೆ ಬಿತ್ತು, ಅರ್ಜಿ ಹಾಕಿದೆ, ಅವರು ಸೇರಿಸಿಕೊಂಡೇಬಿಟ್ಟರು. ಐಚ್ಛಿಕ ವಿಷಯ ಆರಿಸಿಕೊಳ್ಳಿ ಎಂದಾಗ ಒಂದು ಕಡೆ ಅಂತರರಾಷ್ಟ್ರೀಯ ವ್ಯಾಪಾರವಿತ್ತು, ಇನ್ನೊಂದು ಕಡೆ ಕೃಷಿ ಮಾರುಕಟ್ಟೆಯಿತ್ತು. ಹೇಗೂ ವಾರವಾರ ಸಂತೆಗೆ ಹೋಗುತ್ತಿದ್ದೇನೆ, ಅರ್ಧ ಪಾಸಾದ ಹಾಗೆಯೇ ಎಂದುಕೊಂಡು ಎರಡನೆಯದಕ್ಕೆ ಗುರುತು ಹಾಕಿದೆ. ಅತ್ತೆಯವರಿಗೆ ವಿಷಯ ತಿಳಿಸಿದಾಗ ಅವರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡು ನನ್ನನ್ನು ನೋಡಿದರು.

"ಸಂತಿ ಮಾಡ್ಲಿಕ್ಕೂ ಈಗ ಎಂ.ಎ. ಬೇಕೇನ ಸುಧಾ? ಮುಂದ ಒಲಿ ಹಚ್ಚಲಿಕ್ಕೂ ಪರೀಕ್ಷಿ ಇಡ್ತಾರೇನು?"

ಅವರು ಹಾಗೆ ಕೇಳುವುದಕ್ಕೆ ಅಧಿಕಾರವಿತ್ತು. ಮಂಡಿನೋವು ಹಿಡಿದು ಮನೆಯಲ್ಲಿ ಕೂರುವವರೆಗೂ ನಮ್ಮ ಮನೆಯ ಸಂತೆ ಅವರದೇ. ಚೌಕಾಸಿ ಮಾಡುವುದನ್ನು ಅವರು ಹಾಡು ಹೇಳುವವರಂತೆ ಶ್ರುತಿ ಹಿಡಿದು ಮಾಡುತ್ತಿದ್ದರು. ಮೊದಲು ವಸ್ತುವನ್ನು ನೋಡಿ ಮುಖ ಕಿವುಚುವುದು, ಆಮೇಲೆ ಬೆಲೆ ಕೇಳಿ ಎದೆಯ ಮೇಲೆ ಕೈಯಿಟ್ಟುಕೊಳ್ಳುವುದು, ಆಮೇಲೆ ಅದರ ಅರ್ಧಕ್ಕೆ ಕೇಳುವುದು, ಕೊನೆಗೆ ಬೆನ್ನು ತಿರುಗಿಸಿ ಹೊರಡುವುದು. ಹೊರಡುವವರಿಗೆ ಕರೆಯುತ್ತಾರೆಂದು ಗೊತ್ತು, ಕರೆಯುವವರಿಗೆ ಇವರು ಹೋಗುವುದಿಲ್ಲವೆಂದು ಗೊತ್ತು. ಆದರೂ ಎರಡು ಕಡೆಯವರೂ ಕೊನೆಯ ಗಳಿಗೆಯವರೆಗೆ ಬಿಗಿಯಾಗಿರುತ್ತಿದ್ದರು. ಹುಲಿಗೆಮ್ಮ ಎಂಬ ಸೊಪ್ಪು ತರಕಾರಿ ಮಾರುವ ಹೆಂಗಸಿನ ಜೊತೆ ಅತ್ತೆಯವರದು ಹೀಗೆ ಎಷ್ಟೋ ವರ್ಷದ ಜಗಳ. ಇಬ್ಬರೂ ಒಬ್ಬರನ್ನೊಬ್ಬರು ಬಾಯಿಗೆ ಬಂದಂತೆ ಬೈದುಕೊಂಡು, ಎಲ್ಲ ಮುಗಿದ ಮೇಲೆ ಹುಲಿಗೆಮ್ಮ ತಕ್ಕಡಿಯನ್ನು ಪಕ್ಕಕ್ಕಿಟ್ಟು, ಒಂದು ಹಿಡಿ ಕರಿಬೇವೋ ನಾಲ್ಕು ಹಸಿಮೆಣಸಿನಕಾಯಿಯೋ ಚೀಲದ ಮೇಲೆ ಎಸೆಯುತ್ತಿದ್ದಳು. ಅದೇ ಕೊಸರು. ತೂಕಕ್ಕೆ ಸೇರದ್ದು, ಬೆಲೆಗೆ ಸೇರದ್ದು, ಮೇಲೆ ಬಿದ್ದದ್ದು.

ಅತ್ತೆಯವರು ಮನೆ ಹಿಡಿದ ಮೇಲೆ ಸಂತೆ ನನ್ನ ಪಾಲಿಗೆ ಬಂತು. ನಾನು ಪಕ್ಕದ ಮನೆಯ ಗೌರಕ್ಕನ ಜೊತೆ ಆಟೋದಲ್ಲಿ ಹೋಗಿ, ಅತ್ತೆಯವರ ಶೈಲಿಯಲ್ಲಿ ಕಾಲು ಭಾಗದಷ್ಟಾದರೂ ಚೌಕಾಸಿ ಮಾಡಿ ಬರುತ್ತಿದ್ದೆ. ಹುಲಿಗೆಮ್ಮ ಪ್ರತಿ ಸಲವೂ ಕೊಸರು ಹಾಕುವಾಗ "ಇದು ಬಾಯಾರಿಗ್ರಿ" ಎನ್ನುತ್ತಿದ್ದಳು. ಇಂದಿರಾಬಾಯಿಯವರು ಅವಳ ಬಾಯಲ್ಲಿ ಬಾಯಾರು. ನಾನು ಮನೆಗೆ ಬಂದ ಕೂಡಲೇ ಅತ್ತೆಯವರು ಚೀಲವನ್ನು ತಮ್ಮ ಮುಂದೆ ಎಳೆದುಕೊಂಡು, ಬದನೆ ಬೆಂಡೆಗಳನ್ನು ಆಚೆ ತಳ್ಳಿ, ಮೊದಲು ಕೊಸರನ್ನು ಹುಡುಕುತ್ತಿದ್ದರು. ಸಿಕ್ಕಿದ ಮೇಲೆ ಮೂಸಿ ನೋಡಿ "ಹುಲಿಗಿ ಕೊಟ್ಟಾಳಲ್ಲ, ಸಾಕು ಬಿಡು" ಎನ್ನುವರು. ವಯಸ್ಸಾದವರ ಚಪಲ ಎಂದುಕೊಂಡು ನಾನು ಸುಮ್ಮನಿರುತ್ತಿದ್ದೆ. ಅರ್ಥಶಾಸ್ತ್ರದ ವಿದ್ಯಾರ್ಥಿನಿಯಾದ ನನಗೆ ಅದಕ್ಕಿಂತ ಹೆಚ್ಚೇನೂ ಹೊಳೆಯಲಿಲ್ಲ.

ನನ್ನ ಸಂಪರ್ಕ ತರಗತಿಗಳು ಶುರುವಾದದ್ದು ಚಾತುರ್ಮಾಸ್ಯದಲ್ಲಿ. ನಮ್ಮದು ವೈಷ್ಣವರ ಮನೆ. ಚಾತುರ್ಮಾಸ್ಯದ ಮೊದಲ ತಿಂಗಳು ಶಾಕವ್ರತ. ಬದನೆಯಿಲ್ಲ, ಬೆಂಡೆಯಿಲ್ಲ, ಸೊಪ್ಪಿಲ್ಲ, ಒಗ್ಗರಣೆಗೆ ಒಂದು ಎಸಳು ಕರಿಬೇವೂ ಇಲ್ಲ. ಬೇಳೆ, ಮೆಣಸು, ಮೊಸರಿನ ಮೇಲೆ ಮನೆ ನಡೆಯುತ್ತದೆ. ನಮ್ಮ ಪ್ರೊಫೆಸರರು ಬೋರ್ಡಿನ ಮೇಲೆ ತರಕಾರಿಯ ಬೇಡಿಕೆಯ ರೇಖೆ ಎಳೆದು "ಇದು ಎಂದೂ ಸೊನ್ನೆಗೆ ಬರುವುದಿಲ್ಲ" ಎಂದಾಗ ನಾನು ಕೈಯೆತ್ತಿ, ನಮ್ಮ ಮನೆಯಲ್ಲಿ ಪ್ರತಿ ವರ್ಷ ಒಂದು ತಿಂಗಳು ಬರುತ್ತದೆ ಎಂದೆ. ಅವರು ಸ್ವಲ್ಪ ಹೊತ್ತು ಯೋಚಿಸಿ "ಅದನ್ನು ಬಿಡಿ" ಎಂದರು. ತೆಳ್ಳಗಿನ, ಸಭ್ಯ ಮನುಷ್ಯ. ಸೀಮೆಸುಣ್ಣ ಹಿಡಿದರೆ ಬಾಣದ ಗುರುತು ಹಾಕದೆ ಕೆಳಗಿಡುವವರಲ್ಲ. ರೈತನಿಂದ ಒಂದು ಬಾಣ, ದಲ್ಲಾಳಿ ಅಂಗಡಿಯಿಂದ ಒಂದು ಬಾಣ, ಸಗಟು ವ್ಯಾಪಾರಿಯಿಂದ ಒಂದು ಬಾಣ, ಚಿಲ್ಲರೆಯವರಿಂದ ಒಂದು ಬಾಣ, ಎಲ್ಲ ಬಾಣಗಳೂ ಕೊನೆಗೆ ಬಂದು ತಗಲುವುದು ಗ್ರಾಹಕನಿಗೆ. ಗ್ರಾಹಕ ಕೊಟ್ಟ ಒಂದು ರೂಪಾಯಿಯಲ್ಲಿ ಬೆಳೆದವನಿಗೆ ಎಷ್ಟು ಮುಟ್ಟುತ್ತದೆ ಎನ್ನುವುದು ಅವರ ಪ್ರೀತಿಯ ಪ್ರಶ್ನೆ. ಅದನ್ನು ಹೇಳುವಾಗ ಅವರ ದನಿ ನಡುಗುತ್ತಿತ್ತು. ಕೇಳುತ್ತ ಕೇಳುತ್ತ ನನ್ನ ಕಣ್ಣೂ ತೇವವಾಗುತ್ತಿತ್ತು.

ಒಂದು ದಿನ ನಮ್ಮನ್ನೆಲ್ಲ ಕಂಪ್ಲಿಯ ಕಡೆ ಬಾಳೆತೋಟಕ್ಕೆ ಕರೆದುಕೊಂಡು ಹೋದರು. ಗೊನೆ ಕಡಿಯುವುದು, ಹೊರುವುದು, ಲಾರಿಗೆ ಏರಿಸುವುದು ಎಲ್ಲವನ್ನೂ ನಿಂತು ನೋಡಿದೆವು. ಬರುವಾಗ ಹಂಪಿಯಲ್ಲಿ ಇಳಿದು, ಅದೇ ಬಾಳೆಹಣ್ಣು ಗುಡಿಯ ಮುಂದಿನ ಅಂಗಡಿಯಲ್ಲಿ ವಿದೇಶಿ ಪ್ರವಾಸಿಗೆ ಯಾವ ಬೆಲೆಗೆ ಹೋಗುತ್ತದೆ ಎಂದು ನೋಡಿದೆವು. ಆ ಪ್ರವಾಸಿ ಹಣ್ಣನ್ನು ಸುಲಿಯುವ ಮೊದಲೇ ಕೋತಿಯೊಂದು ಬಂದು ಕಿತ್ತುಕೊಂಡು ಗೋಪುರ ಏರಿತು. ಪ್ರೊಫೆಸರರು ಇದನ್ನು ಸಾಗಾಟದ ನಷ್ಟ ಎಂದು ಬರೆದುಕೊಳ್ಳಲು ಹೇಳಿದರು. ಬರೆದುಕೊಂಡೆ. ಸಂಜೆ ಮನೆಗೆ ಬಂದು ಇದನ್ನೆಲ್ಲ ನಮ್ಮವರಿಗೆ ಉಕ್ಕಿ ಉಕ್ಕಿ ಹೇಳಿದೆ. ಅವರು ರಾತ್ರಿ ಪಾಳಿಗೆ ಹೊರಟಿದ್ದರು, ಶೂ ಕಟ್ಟುತ್ತ "ಹಂಗಾದ್ರ ಕೋತಿದೂ ಒಂದು ಬಾಣ ಹಾಕು" ಎಂದರು. ವಿದ್ಯೆಯನ್ನು ಗಂಭೀರವಾಗಿ ತೆಗೆದುಕೊಳ್ಳದ ಮನೆತನಕ್ಕೆ ಮದುವೆಯಾಗಿ ಬಂದಿದ್ದೇನಲ್ಲ ಎಂದು ನನಗೆ ಆ ರಾತ್ರಿ ದುಃಖವೇ ಆಯಿತು.

ಹೀಗೆ ಒಂದು ತಿಂಗಳು ಮನೆಯಲ್ಲಿ ತರಕಾರಿಯಿಲ್ಲ, ತಲೆಯಲ್ಲಿ ಮಾತ್ರ ತರಕಾರಿಯ ಸಿದ್ಧಾಂತ ಲೋಡುಗಟ್ಟಲೆ ಬಂದು ಬೀಳುತ್ತಿತ್ತು. ಶಾಕವ್ರತ ಮುಗಿಯಿತು. ಆ ಮರುದಿನದ ಸಂತೆ ನಮ್ಮ ಮನೆಯಲ್ಲಿ ಸಣ್ಣ ಹಬ್ಬವೇ. ಅತ್ತೆಯವರು ಬೆಳಿಗ್ಗೆಯೇ ಹೊರಗಿನ ಕಟ್ಟೆಯ ಮೇಲೆ ಬಂದು ಕುಳಿತಿದ್ದರು. "ಹುಲಿಗಿಗೆ ನಾ ಕೇಳೀನಿ ಅಂತ ಹೇಳು. ಒಂದು ತಿಂಗಳಾತು ನಮ್ಮ ಚೀಲ ಸಂತಿಗೆ ಬಂದಿಲ್ಲ, ಈ ಸಲ ಕೊಸರು ಕೈಬಿಚ್ಚಿ ಹಾಕು ಅನ್ನು" ಎಂದು ನನ್ನನ್ನು ಕಳಿಸಿದರು. ನಾನು ಚೀಲ ಹಿಡಿದು, ಬೆಳೆಗಾರನ ಪಾಲನ್ನು ಮನಸ್ಸಿನಲ್ಲಿ ಹಿಡಿದು, ಗೌರಕ್ಕನ ಜೊತೆ ಆಟೋ ಹತ್ತಿದೆ. ಇನ್ನು ಮೇಲೆ ಚೌಕಾಸಿ ಮಾಡುವುದಿಲ್ಲ ಎಂಬ ತೀರ್ಮಾನವನ್ನು ಆಟೋದಲ್ಲಿಯೇ ಮಾಡಿದ್ದೆ. ನಾನು ಹಿಡಿದು ಎಳೆಯುವ ಪ್ರತಿ ರೂಪಾಯಿಯೂ ಕೊನೆಗೆ ಹೊಲದಲ್ಲಿ ಬಾಗಿದವರ ಕಿಸೆಯಿಂದ ಹೋಗುತ್ತದೆ ಎಂದು ಪಠ್ಯದಲ್ಲಿತ್ತು. ಪ್ರೊಫೆಸರರ ದನಿ ಕಿವಿಯಲ್ಲಿತ್ತು.

ಹುಲಿಗೆಮ್ಮ ನನ್ನನ್ನು ಕಂಡು ಬಾಯ್ತುಂಬ ನಕ್ಕಳು. ಹೀರೆಕಾಯಿಗೆ ಒಂದು ಬೆಲೆ ಹೇಳಿ, ನನ್ನ ಮುಖ ಕಿವುಚುವಿಕೆಗೆ ಕಾದಳು. ನಾನು ತೂಕ ಹಾಕು ಎಂದೆ. ಬದನೆಗೆ ಹೇಳಿದಳು, ಹಾಕು ಎಂದೆ. ಮೆಂತ್ಯದ ಸೊಪ್ಪಿಗೆ ಬೇಕೆಂದೇ ಎರಡರಷ್ಟು ಹೇಳಿದಳೆಂದು ಕಾಣುತ್ತದೆ, ಅದಕ್ಕೂ ಹಾಕು ಎಂದೆ. ಅವಳ ಕೈ ತಕ್ಕಡಿಯ ಮೇಲೆಯೇ ನಿಂತಿತು.

"ಯಾಕ್ರೀ ಅಕ್ಕಾರ, ಮೈಯಾಗ ಆರಾಮಿಲ್ಲೇನ್ರಿ?"

"ಆರಾಮದೀನಿ. ನೀ ಹೇಳಿದ ರೇಟು ನ್ಯಾಯವಾದದ್ದು, ಕೊಡ್ತೀನಿ."

"ಅಯ್ಯ, ನಾ ಹೇಳಿದ್ದು ಕೊಡ್ಲಿ ಅಂತ ಹೇಳಿದ್ದಲ್ರಿ, ಕೇಳ್ಲಿ ಅಂತ ಹೇಳಿದ್ದು!"

ಪಕ್ಕದಲ್ಲಿ ಗೌರಕ್ಕ ನನ್ನ ಮೊಣಕೈಯನ್ನು ಜಿಗುಟುತ್ತಿದ್ದಳು. ನಾನು ಹೆದರಲಿಲ್ಲ. ಹುಲಿಗೆಮ್ಮ ಗೊಣಗುತ್ತ ಎಲ್ಲವನ್ನೂ ಚೀಲಕ್ಕೆ ಸುರಿದು, ಬುಟ್ಟಿಯ ಹಿಂದೆ ಒದ್ದೆ ಗೋಣಿಯಲ್ಲಿ ಬೇರೆಯಾಗಿ ಸುತ್ತಿಟ್ಟಿದ್ದ ಕರಿಬೇವು ತೆಗೆದು, ದೊಡ್ಡದೊಂದು ಹಿಡಿ ಮುರಿದು, ಮೇಲೊಂದು ನಿಂಬೆಹಣ್ಣಿಟ್ಟು "ಬಾಯಾರಿಗ್ರಿ, ಒಪ್ಪತ್ತು ಮುಗದೈತಲ್ಲ" ಎಂದು ಚೀಲಕ್ಕೆ ಹಾಕಿದಳು. ನಾನು ಮಾಡಿದ್ದನ್ನು ಹೇಳಲು ಈಗಲೂ ಸಂಕೋಚವಾಗುತ್ತದೆ. ಆ ಕರಿಬೇವನ್ನೂ ನಿಂಬೆಹಣ್ಣನ್ನೂ ಎತ್ತಿ ಮತ್ತೆ ಅವಳ ಬುಟ್ಟಿಯಲ್ಲಿಟ್ಟೆ. ಇಟ್ಟು ಸುಮ್ಮನಿದ್ದರೂ ಆಗುತ್ತಿತ್ತು, ಸಣ್ಣದೊಂದು ಉಪನ್ಯಾಸವನ್ನೂ ಕೊಟ್ಟೆ. ಬೆಲೆಯಿಲ್ಲದೆ ಕೊಡುವುದು ಮಾರುಕಟ್ಟೆಗೆ ಒಳ್ಳೆಯದಲ್ಲ, ಅದರಲ್ಲಿ ಬೆಳೆದವರ ಶ್ರಮವಿದೆ, ಇನ್ನು ಮುಂದೆ ನನಗೆ ಕೊಸರು ಬೇಡ ಎಂದೆ. ಹುಲಿಗೆಮ್ಮ ಬುಟ್ಟಿಯಲ್ಲಿ ಬಿದ್ದ ನಿಂಬೆಹಣ್ಣನ್ನು ನೋಡಿದಳು, ನನ್ನನ್ನು ನೋಡಿದಳು. "ಆತು ಬಿಡ್ರಿ" ಎಂದಳು. ಅಷ್ಟೇ. ಅವಳು ಹಾಗೆ ಎರಡೇ ಮಾತಿಗೆ ಸುಮ್ಮನಾದದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಸಿದ್ಧಾಂತ ಅವಳಿಗೆ ಅರ್ಥವಾಯಿತೆಂದು ತಿಳಿದು ಎದೆಯುಬ್ಬಿಸಿಕೊಂಡು ಆಟೋ ಹತ್ತಿದೆ.

ಆಟೋದಲ್ಲಿ ಗೌರಕ್ಕ ನನಗೆ ಮಂಗಳಾರತಿ ಎತ್ತಿದಳು. "ನೀ ಹಿಂಗ ಕೇಳಿದ್ದು ಕೊಟ್ಟು ಬಂದ್ರ ನಾಳಿ ನಮಗೂ ಅದs ರೇಟು ಹಚ್ತಾರ. ನೀ ಓದೋದಕ್ಕ ಓಣಿ ಮಂದಿ ಎಲ್ಲಾ ಫೀಸು ಕಟ್ಟಬೇಕೇನು?" ಎಂದಳು. ನಾನು ಬೆಳೆಗಾರನ ಪಾಲಿನ ವಿಷಯ ತೆಗೆದೆ. ಹುಲಿಗೆಮ್ಮ ಯಾವ ಊರ ಬೆಳೆಗಾರಳು, ಬೆಳಗಿನ ಜಾವ ಹರಾಜಿನಲ್ಲಿ ಕೊಂಡು ತಂದು ಮಾರುವವಳಲ್ಲವೇ ಎಂದು ಗೌರಕ್ಕ ಕೇಳಿದಳು. ನನ್ನ ಬಾಣಗಳ ಚಿತ್ರದಲ್ಲಿ ಹುಲಿಗೆಮ್ಮ ಕೊನೆಯಿಂದ ಎರಡನೆಯವಳು ಎಂಬುದು ಆಗಷ್ಟೇ ನೆನಪಾಯಿತು. ಹೊಲದಲ್ಲಿ ಬಾಗಿದವನಿಗೆ ನಾನು ಕೊಟ್ಟ ಹೆಚ್ಚಿನ ದುಡ್ಡು ತಲುಪುವ ದಾರಿಯೇ ಇರಲಿಲ್ಲ. ಆದರೂ ಗೌರಕ್ಕನೆದುರು ಸೋಲಲು ಮನಸ್ಸಾಗದೆ, ಇದು ದೀರ್ಘಾವಧಿಯ ಪರಿಣಾಮ, ನಿನಗೆ ಈಗ ಕಾಣುವುದಿಲ್ಲ ಎಂದೆ. ಅರ್ಥಶಾಸ್ತ್ರದಲ್ಲಿ ದೀರ್ಘಾವಧಿ ಎನ್ನುವುದು ಬಹಳ ಉಪಕಾರಿ.

ಮನೆಯಲ್ಲಿ ಅತ್ತೆಯವರು ಚೀಲವನ್ನು ಎಳೆದುಕೊಂಡರು. ಹೀರೆಕಾಯಿ ಆಚೆ ತಳ್ಳಿದರು, ಬದನೆ ಆಚೆ ತಳ್ಳಿದರು, ಮೆಂತ್ಯದ ಕಟ್ಟನ್ನು ಎತ್ತಿ ಅದರ ಕೆಳಗೆ ನೋಡಿದರು. ಕೊನೆಗೆ ಚೀಲವನ್ನು ತಲೆಕೆಳಗು ಮಾಡಿ ಜಾಡಿಸಿದರು. ಸ್ವಲ್ಪ ಮಣ್ಣು ಬಿತ್ತು.

"ಹುಲಿಗಿ ಇದ್ಲೇನು?"

"ಇದ್ಲು ಅತ್ತೆ."

"ನಾ ಕೇಳೀನಿ ಅಂತ ಹೇಳಿದೀ?"

ನಾನು "ಹ್ಞೂಂ" ಎಂದೆ. ಸುಳ್ಳು ಹೇಳಿದೆನೆಂದು ಆಗ ಅನ್ನಿಸಲೂ ಇಲ್ಲ; ಸಿದ್ಧಾಂತದ ಗುಂಗಿನಲ್ಲಿದ್ದೆ. ಮುಂದಿನ ಸಂತೆಗಳಲ್ಲೂ ಅದೇ ಕತೆ ನಡೆಯಿತು. ಹುಲಿಗೆಮ್ಮ ಬೆಲೆ ಹೇಳುವಳು, ನಾನು ಕೊಡುವೆನು, ಅವಳು ತೂಗಿ ಹಾಕಿ ಬೇರೆ ಗಿರಾಕಿಯ ಕಡೆ ತಿರುಗುವಳು. ಬಾಯಾರು ಹೇಗಿದ್ದಾರೆ ಎಂದು ಒಮ್ಮೆಯೂ ಕೇಳಲಿಲ್ಲ. ಇತ್ತ ಅತ್ತೆಯವರು ಚೀಲ ಜಾಡಿಸುವುದನ್ನು ನಿಲ್ಲಿಸಿದರು. ಆಮೇಲೆ ಚೀಲವನ್ನು ಎಳೆದುಕೊಳ್ಳುವುದನ್ನೇ ನಿಲ್ಲಿಸಿದರು. ನಾನು ಬರುವ ಹೊತ್ತಿಗೆ ಕಟ್ಟೆಯ ಮೇಲೆ ಕೂರುತ್ತಿದ್ದವರು ಒಳಗೆ ದೇವರ ಕೋಣೆಯಲ್ಲಿ ಹೂಬತ್ತಿ ಹೊಸೆಯುತ್ತ ಕೂರತೊಡಗಿದರು. ಬದನೆಕಾಯಿ ಎಣ್ಣೆಗಾಯಿ ಮಾಡಿದರೆ ಎರಡು ಸಲ ಹಾಕಿಸಿಕೊಳ್ಳುತ್ತಿದ್ದವರು ಒಂದು ಸಲಕ್ಕೇ ಸಾಕೆಂದರು. ಒಂದು ಸಂಜೆ ನಾನು ಓದುತ್ತಿದ್ದಾಗ ಬಂದು ನನ್ನ ಪಕ್ಕ ಕುಳಿತು, ಗೋಡೆಯ ಕಡೆ ನೋಡುತ್ತ ಹೇಳಿದರು.

"ಹುಲಿಗಿ ನನ್ನ ಮರ್ತಾಳ ಸುಧಾ. ಅಕಿದೇನೂ ತಪ್ಪಿಲ್ಲ. ಕಣ್ಣಿಗೆ ಬೀಳದಿದ್ದವರನ್ನ ಎಷ್ಟು ದಿನಾಂತ ನೆನಿಸ್ತಾರ? ನಾ ಸಂತಿಗೆ ಬರ್ತಿದ್ದೆ ಅನ್ನೋದು ಈಗ ಯಾರಿಗೂ ನೆನಪಿರಲಿಕ್ಕಿಲ್ಲ."

ನನ್ನ ಕೈಯಲ್ಲಿದ್ದ ಪುಸ್ತಕ ಮಡಿಚಿಕೊಂಡಿತು. ಅತ್ತೆಯವರಿಗೆ ಬೇಕಿದ್ದದ್ದು ಕರಿಬೇವಲ್ಲ. ಕರಿಬೇವಿನ ಗಿಡ ಗೌರಕ್ಕನ ಹಿತ್ತಲಲ್ಲೇ ಇದೆ, ಕೇಳಿದರೆ ಕೊಂಬೆಯನ್ನೇ ಮುರಿದು ಕೊಡುತ್ತಾಳೆ. ಮಂಡಿ ಹಿಡಿದು ಮನೆಯಲ್ಲಿ ಕುಳಿತ ಮೇಲೂ ಊರಿನ ನಡುವೆ ತಮ್ಮನ್ನು ನೆನೆಸುವವರಿದ್ದಾರೆ ಎನ್ನುವುದಕ್ಕೆ ಅವರಿಗೆ ವಾರವಾರ ಬರುತ್ತಿದ್ದ ಸುದ್ದಿ ಅದು. ಅದನ್ನು ನಾನು ಅರ್ಧ ದಾರಿಯಲ್ಲೇ ತಡೆದು ವಾಪಸ್ ಕಳಿಸಿದ್ದೆ. ನಡೆದದ್ದನ್ನು ಆಗಲೇ ಹೇಳಿಬಿಡಬಹುದಿತ್ತು. ಹೇಳಲು ಧೈರ್ಯ ಬರಲಿಲ್ಲ. ಬದಲಿಗೆ, ಓದಿದವರು ಸಾಮಾನ್ಯವಾಗಿ ಮಾಡುವಂತೆ, ಒಂದು ಯೋಜನೆ ಹಾಕಿದೆ.

ಯೋಜನೆ ಸರಳವಾಗಿತ್ತು. ಮುಂದಿನ ಸಂತೆಯಲ್ಲಿ ಬೇರೆ ಅಂಗಡಿಯಿಂದ ಕರಿಬೇವು, ಹಸಿಮೆಣಸಿನಕಾಯಿ, ನಿಂಬೆಹಣ್ಣು ಕೊಂಡು, ಚೀಲದ ಮೇಲ್ಭಾಗದಲ್ಲಿ ನೈಸಾಗಿ ಇಟ್ಟುಕೊಂಡು ಬಂದೆ. "ಅತ್ತೆ, ಹುಲಿಗೆಮ್ಮ ನಿಮಗs ಅಂತ ಕೊಟ್ಲು ನೋಡ್ರಿ" ಎಂದು ದೇವರ ಕೋಣೆಗೇ ಒಯ್ದು ಮುಂದಿಟ್ಟೆ. ಅವರ ಮುಖ ಅರಳಿತು. ಕರಿಬೇವು ಎತ್ತಿ ಮೂಸಿದರು. ಆಮೇಲೆ ಅದರ ಬುಡವನ್ನು ಹಿಡಿದು ನೋಡಿದರು. ಬುಡಕ್ಕೆ ರಬ್ಬರ್ ಬ್ಯಾಂಡ್ ಇತ್ತು.

"ಕೊಸರಿಗೆ ಯಾರು ಕಟ್ಟು ಕಟ್ತಾರ ಸುಧಾ?" ಎಂದು ಮೆಲ್ಲಗೆ ಕೇಳಿದರು. "ಅದೂ ಇಷ್ಟು ಛಂದ? ರೊಕ್ಕ ಕೊಟ್ಟು ತಂದೀ. ಇರ್ಲಿ ಬಿಡು, ಒಗ್ಗರಣಿಗೆ ಆಗ್ತದ."

ರಬ್ಬರ್ ಬ್ಯಾಂಡನ್ನು ತೆಗೆದು ಕೈಗೆ ಹಾಕಿಕೊಂಡು ಮತ್ತೆ ಬತ್ತಿ ಹೊಸೆಯತೊಡಗಿದರು. ಅವರು ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಈಗ ಅವರಿಗೆ ಹುಲಿಗೆಮ್ಮ ಮರೆತಿದ್ದಾಳೆ ಎನ್ನುವುದಕ್ಕೆ ನಾನೇ ಸಾಕ್ಷಿ ಒದಗಿಸಿದ ಹಾಗಾಯಿತು.

ಉಳಿದದ್ದು ಒಂದೇ ದಾರಿ. ಮತ್ತೆ ಚೌಕಾಸಿ ಮಾಡಿ, ಹಳೆಯ ಗಿರಾಕಿಯಾಗಿ, ಕೊಸರನ್ನು ಗಳಿಸುವುದು. ಮನೆಯಲ್ಲಿ ಕನ್ನಡಿಯ ಮುಂದೆ ಮುಖ ಕಿವುಚುವುದನ್ನು ಅಭ್ಯಾಸ ಮಾಡಿಕೊಂಡು ಹೋದೆ. ಹೋಗಿ ನೋಡಿದರೆ ಹುಲಿಗೆಮ್ಮನ ಬುಟ್ಟಿಯ ಮುಂದೆ ಒಂದು ಕರಿಹಲಗೆ. ಅದರ ಮೇಲೆ ಸೀಮೆಸುಣ್ಣದಲ್ಲಿ ಪ್ರತಿ ತರಕಾರಿಗೂ ಬೆಲೆ. ಪಕ್ಕದಲ್ಲಿ ದುಡ್ಡು ಬಂದದ್ದನ್ನು ಗಟ್ಟಿಯಾಗಿ ಕೂಗಿ ಹೇಳುವ ಡಬ್ಬಿ. ನಾನು ಎದೆಯ ಮೇಲೆ ಕೈಯಿಟ್ಟುಕೊಂಡು "ಇದೇನವ್ವ ಹುಲಿಗೆಮ್ಮ, ಮೂಲಂಗಿಗೆ ಇಷ್ಟೇನ?" ಎಂದೆ.

"ಬೋರ್ಡಿನ್ಯಾಗ ಬರದೈತ್ರಿ ಅಕ್ಕಾರ. ಈಗ ಎಲ್ಲಾರಿಗೂ ಒಂದs ರೇಟು. ನೀವs ಕಲಿಸಿದ್ದು."

"ಹಂಗಂದ್ರ ನಾ ಹೋಗ್ತೀನಿ ನೋಡು."

"ಹೋಗಿ ಬರ್ರಿ."

ಬೆನ್ನು ತಿರುಗಿಸಿ ನಡೆದೆ. ನಿಧಾನವಾಗಿ ನಡೆದೆ. ಈರುಳ್ಳಿಯ ಸಾಲು ದಾಟಿದೆ, ಮಂಡಕ್ಕಿ ಮೆಣಸಿನಕಾಯಿ ಬಜ್ಜಿಯ ಗಾಡಿ ದಾಟಿದೆ. ಯಾರೂ ಕರೆಯಲಿಲ್ಲ. ಬಜ್ಜಿಯ ಗಾಡಿಯ ಹತ್ತಿರ ನಿಂತು, ಅವಮಾನಕ್ಕೆ ಎರಡು ಬಜ್ಜಿ ತಿಂದು, ಸುತ್ತು ಹಾಕಿ ಮನೆಗೆ ಬಂದೆ. ಪಾಳಿ ಮುಗಿಸಿ ಎದ್ದು ಕೂತಿದ್ದ ನಮ್ಮವರ ಮುಂದೆ ಎಲ್ಲವನ್ನೂ ಹೇಳಿಕೊಂಡು ಅತ್ತುಬಿಟ್ಟೆ. ಅವರು ಪೂರ್ತಿ ಕೇಳಿದರು, ಒಂದೂ ತಮಾಷೆ ಮಾಡಲಿಲ್ಲ. "ಮುಂದಿನ ಸಂತಿ ದಿನ ನನಗ ವಾರದ ರಜಾ ಅದ. ಅವ್ವನ್ನs ಕರ್ಕೊಂಡು ಹೋಗೋಣ ನಡಿ" ಎಂದರು. ಇಷ್ಟು ಸರಳವಾದದ್ದು ನನಗೇಕೆ ಹೊಳೆಯಲಿಲ್ಲ ಎಂದರೆ, ಅದು ನನ್ನ ಪಠ್ಯಕ್ರಮದಲ್ಲಿರಲಿಲ್ಲ.

ಅತ್ತೆಯವರು ಮೊದಲು ಒಲ್ಲೆ ಎಂದರು. ಯಾರನ್ನು ನೋಡಲು ಬರಲಿ, ಗುರುತು ಹಿಡಿಯದಿದ್ದರೆ ಇನ್ನೂ ಬೇಜಾರು ಎಂದರು. ಆದರೆ ನಾವು ಆಟೋ ತಂದು ಬಾಗಿಲಲ್ಲಿ ನಿಲ್ಲಿಸುವ ಹೊತ್ತಿಗೆ ಇಳಕಲ್ ಸೀರೆಯುಟ್ಟು, ತಲೆ ಬಾಚಿಕೊಂಡು, ಕೋಲು ಹಿಡಿದು ಸಿದ್ಧರಾಗಿ ಕುಳಿತಿದ್ದರು. ಸಂತೆಯ ಒಳಗೆ ಆಟೋ ಹೋಗುವಂತಿಲ್ಲ. ಆದರೂ ಡ್ರೈವರು ಹಾರನ್ ಹೊಡೆಯುತ್ತ, ಬೈಸಿಕೊಳ್ಳುತ್ತ, ಹುಲಿಗೆಮ್ಮನ ಬುಟ್ಟಿಗಳ ಎದುರಿಗೇ ತಂದು ನಿಲ್ಲಿಸಿದ. ಹುಲಿಗೆಮ್ಮ ಯಾರಿಗೋ ಬೀನ್ಸ್ ತೂಗುತ್ತಿದ್ದಳು. ಅತ್ತೆಯವರು ಆಟೋದಿಂದ ಇಳಿಯಲಿಲ್ಲ. ಕೋಲನ್ನು ಹೊರಗೆ ಚಾಚಿ ಕರಿಹಲಗೆಯ ಮೇಲೆ ಟಕ್ಕೆಂದು ಬಡಿದರು.

"ಏನೇ ಹುಲಿಗೀ, ಸಾಲಿ ತಗದೀಯೇನ? ಮೂಲಂಗಿಗೆ ಇದೇನು ರೇಟು, ಬಂಗಾರದ ನೀರಿನ್ಯಾಗ ತೊಳದೀಯಾ?"

ಹುಲಿಗೆಮ್ಮ ತಲೆಯೆತ್ತಿದಳು. ಬೀನ್ಸು ತಕ್ಕಡಿಯಲ್ಲೇ ಉಳಿಯಿತು.

"ಯವ್ವಾ, ಬಾಯಾರು! ಬದುಕೀರೇನ್ರಿ ಇನ್ನೂ!"

"ನಿನ್ನ ಕೊಳತ ಬದನಿಕಾಯಿ ತಿಂದೂ ಬದುಕೀನಿ ನೋಡು."

"ಕೊಳತದ್ದಂತ, ಕೊಳತದ್ದು! ನನ್ನ ಬದನಿಕಾಯಿ ತಿಂದs ನೀವು ಇಷ್ಟ್ ಗಟ್ಟಿ ಇರೋದ್ರಿ!"

ಆಮೇಲೆ ನಡೆದದ್ದನ್ನು ಬರೆಯಲು ನನ್ನ ಕೈಲಾಗುವುದಿಲ್ಲ. ಮೂಲಂಗಿಯಿಂದ ಶುರುವಾಗಿ ಹೀರೆಕಾಯಿಗೆ ಬಂದು, ಒಬ್ಬರ ಮಂಡಿ, ಇನ್ನೊಬ್ಬರ ಹಲ್ಲು, ಹಿಂದೆ ಯಾವಾಗಲೋ ತೂಕದಲ್ಲಿ ಆದ ಮೋಸ, ಅದಕ್ಕೂ ಹಿಂದೆ ಕೊಟ್ಟ ಹರಕು ನೋಟು, ಎಲ್ಲವೂ ಹೊರಬಂದವು. ಹಿಂದೆ ಎರಡು ತಳ್ಳುಗಾಡಿಗಳು, ಒಂದು ಬೈಕು ಸಿಕ್ಕಿಕೊಂಡು ಕೂಗುತ್ತಿದ್ದವು. ಆಟೋದವನು ನಗುತ್ತ ಎಂಜಿನ್ ಆರಿಸಿದ. ನಡುವೆ ಯಾವಾಗಲೋ ಹುಲಿಗೆಮ್ಮ ಸೆರಗಿನಿಂದ ಕರಿಹಲಗೆಯನ್ನು ಒರೆಸಿಬಿಟ್ಟಿದ್ದಳು. ಅತ್ತೆಯವರ ಮುಖ ಕೆಂಪಾಗಿತ್ತು, ದನಿಗೆ ಹತ್ತು ವರ್ಷ ವಯಸ್ಸು ಇಳಿದಿತ್ತು. ಕೊನೆಗೆ ಬೆಲೆ ಇಬ್ಬರ ನಡುವೆ ಎಲ್ಲೋ ಬಂದು ನಿಂತಿತು. ಹುಲಿಗೆಮ್ಮ ಒದ್ದೆ ಗೋಣಿಗೆ ಕೈ ಹಾಕಿ ಕರಿಬೇವಿನ ದೊಡ್ಡ ಹಿಡಿಯನ್ನು ಎತ್ತಿದಳು. ಎತ್ತಿದ ಕೈ ಅರ್ಧಕ್ಕೇ ನಿಂತಿತು.

"ಇದನ್ನರ ಇಟಗೋತೀರೋ, ಇಲ್ಲಾ ನಿಮ್ಮ ಸೊಸಿಗತೆ ವಾಪಸ್ ಕೊಡ್ತೀರ್ರಿ ಬಾಯಾರ? ಒಪ್ಪತ್ತು ಮುಗದೈತಿ, ಬಾಯಾರಿಗೆ ಅಂತ ಕೊಟ್ರ ಬುಟ್ಯಾಗ ತಿರುಗಿ ಇಟ್ಟು ಹೋದ್ರು. ನನಗ ಭಾಳ ಕೆಡಕ್ ಆತು. ನನ್ನ ಕೈಲಿಂದ ಕೊಟ್ಟದ್ದು ನಿಮಗ ಬ್ಯಾಡಾತೇನೋ ಅಂದ್ಕೊಂಡೆ."

ನಾನು ನೆಲ ನೋಡಿದೆ. ಆಟೋದ ರಬ್ಬರ್ ಮ್ಯಾಟಿನ ಮೇಲೆ ಎಷ್ಟು ಗೆರೆಗಳಿವೆ ಎನ್ನುವುದು ನನಗೆ ಅಂದು ಗೊತ್ತಾಯಿತು. ಅತ್ತೆಯವರು ಬೈಯುತ್ತಾರೆ, ಇಲ್ಲೇ, ಈ ಸಂತೆಯ ನಡುವೆ ಬೈಯುತ್ತಾರೆ ಎಂದು ಕಾದೆ. ತಲೆಯೆತ್ತಿ ನೋಡಿದರೆ ಅವರು ನನ್ನನ್ನು ನೋಡುತ್ತಲೇ ಇರಲಿಲ್ಲ. ಹುಲಿಗೆಮ್ಮನನ್ನು ನೋಡುತ್ತಿದ್ದರು, ಕಣ್ಣಲ್ಲಿ ನೀರು ತುಂಬಿತ್ತು.

"ನೀ ಕೊಟ್ಟಿದ್ದೀ?"

"ಕೊಡದs ಇರ್ತೀನೇನ್ರಿ? ನಿಂಬಿಹಣ್ಣು ಬ್ಯಾರೆ ಇಟ್ಟಿದ್ದೆ."

ಅತ್ತೆಯವರು ಮಡಿಲೊಡ್ಡಿದರು. ಕರಿಬೇವು ಬಿತ್ತು, ಹಸಿಮೆಣಸಿನಕಾಯಿ ಬಿತ್ತು, ನಿಂಬೆಹಣ್ಣು ಬಿತ್ತು, ಬಿಟ್ಟ ವಾರಗಳದ್ದೂ ಸೇರಿಸಿ ಎಂಬಂತೆ ಒಂದು ಸಣ್ಣ ಬದನೆಕಾಯಿಯೂ ಬಿತ್ತು. ಅತ್ತೆಯವರು ಸೆರಗನ್ನು ಬಿಗಿಯಾಗಿ ಸುತ್ತಿಕೊಂಡು, ಆಗ ನನ್ನ ಕಡೆ ಒಂದು ಕಣ್ಣು ಹಾಯಿಸಿ, ಹುಲಿಗೆಮ್ಮನಿಗೆ ಸಮಾಧಾನ ಹೇಳಿದರು.

"ನೀ ಮನಸ್ಸಿಗೆ ಹಚ್ಕೋಬ್ಯಾಡ. ಓದ್ಲಿಕ್ಕೆ ಹತ್ಯಾಳ. ಪರೀಕ್ಷಿ ಮುಗದ್ಮ್ಯಾಲೆ ಸರಿ ಹೋಗ್ತಾಳ."

ನನಗೇನೋ ಜ್ವರ ಬಂದಿದೆ, ಬೆವರಿದರೆ ಇಳಿಯುತ್ತದೆ ಎನ್ನುವ ಧಾಟಿ. ಹುಲಿಗೆಮ್ಮ ಮರುಕದಿಂದ ನನ್ನನ್ನು ನೋಡಿ, ಜಲ್ದಿ ಮುಗಿಸಿಬಿಡ್ರಿ ಅಕ್ಕಾರ ಎಂದಳು. ನಮ್ಮವರು ಆಟೋದ ಮುಂದಿನ ಸೀಟಿನಲ್ಲಿ ಬೆನ್ನು ಕುಲುಕಿಸಿಕೊಂಡು ನಗುತ್ತಿದ್ದರು. ಅಂದಿನಿಂದ ಅವರ ವಾರದ ರಜೆಗೆ ಸರಿಯಾಗಿ ನಮ್ಮ ಮನೆಯ ಸಂತೆ. ಅತ್ತೆಯವರು ಆಟೋದಿಂದ ಇಳಿಯದೆಯೇ ವ್ಯಾಪಾರ ಮುಗಿಸುತ್ತಾರೆ. ನಾನು ಚೀಲ ಹಿಡಿಯುವವಳು.

ನನ್ನ ಎಂ.ಎ.ಗೆ ಒಂದು ಸಣ್ಣ ಪ್ರಬಂಧ ಬರೆದು, ಅದರ ಮೇಲೆ ಪ್ರೊಫೆಸರರ ಎದುರು ಕುಳಿತು ಉತ್ತರ ಹೇಳಬೇಕಿತ್ತು. ನಾನು ಹೊಸಪೇಟೆಯ ತರಕಾರಿ ಮಾರಾಟದ ಬಗ್ಗೆ ಬರೆದೆ. ಬಾಣಗಳನ್ನೆಲ್ಲ ಹಾಕಿದೆ. ಕೊನೆಗೆ ಹುಲಿಗೆಮ್ಮನಿಂದ ಅತ್ತೆಯವರ ಮಡಿಲಿಗೆ ಒಂದು ಚುಕ್ಕೆಗೆರೆಯ ಬಾಣ ಎಳೆದು ಕೊಸರು ಎಂದು ಬರೆದೆ. ಇದರ ಬೆಲೆಯೆಷ್ಟು ಎಂದು ಪ್ರೊಫೆಸರರು ಕೇಳಿದರು. ಗೊತ್ತಿಲ್ಲ ಸರ್, ವಾಪಸ್ ಕೊಟ್ಟು ನೋಡಿದೆ, ಬಹಳ ದುಬಾರಿಯಾಯಿತು ಎಂದೆ. ಅವರು ನಗಲಿಲ್ಲ, ಆದರೆ ಸೀಮೆಸುಣ್ಣ ಹಿಡಿಯುವ ಬೆರಳುಗಳು ಒಂದು ಗಳಿಗೆ ಮೇಜಿನ ಮೇಲೆ ಆಡಿದವು. ಆಮೇಲೆ ಕಾಗದದ ಮೇಲೆ ಅಂಕ ಬರೆದು, ಬೇಸರದಿಂದ "ಚೆನ್ನಾಗಿದೆ. ಪ್ರಥಮ ದರ್ಜೆಗೆ ಒಂದೇ ಒಂದು ಅಂಕ ಕಡಿಮೆ ಆಯಿತು, ಪಾಪ" ಎಂದರು.

"ಒಂದೇ ಅಲ್ಲೇನ್ರೀ ಸರ್, ಮ್ಯಾಲ ಹಾಕಿಬಿಡ್ರಿ" ಎಂದು ನನ್ನ ಬಾಯಿಂದ ಬಂದೇಬಿಟ್ಟಿತು.

"ಅಮ್ಮಾ, ಇದು ವಿಶ್ವವಿದ್ಯಾಲಯ. ಸಂತೆಯಲ್ಲ" ಎಂದರು ಅವರು.

ನಾನು ಕನ್ನಡಿಯ ಮುಂದೆ ಕಲಿತ ಹಾಗೆ ಮುಖ ಕಿವುಚಿದೆ, ಎದೆಯ ಮೇಲೆ ಕೈಯಿಟ್ಟುಕೊಂಡೆ, ಆಗಲಿ ಸರ್ ಎಂದು ಎದ್ದು ಬೆನ್ನು ತಿರುಗಿಸಿ ಹೊರಟೆ. ನಿಧಾನವಾಗಿ ನಡೆದೆ. ಕಪಾಟು ದಾಟಿದೆ, ಬಾಗಿಲ ಹತ್ತಿರ ಬಂದೆ, ಹಿಡಿಕೆಯ ಮೇಲೆ ಕೈಯಿಟ್ಟೆ. ಆಗ ಹಿಂದಿನಿಂದ ಗಂಟಲು ಸರಿಮಾಡಿಕೊಂಡ ಸದ್ದು ಕೇಳಿತು.

"ಬನ್ನಿ ಇಲ್ಲಿ" ಎಂದರು ಪ್ರೊಫೆಸರರು.

ಹಾರಿಕೊಂಡೇ ಮನೆಗೆ ಬಂದೆ. ಅತ್ತೆಯವರು ಕಟ್ಟೆಯ ಮೇಲೆ ಕುಳಿತಿದ್ದರು. ಪ್ರಥಮ ದರ್ಜೆ ಎಂದೆ. ಅವರು ಸಕ್ಕರೆ ತರಲು ಏಳಲಿಲ್ಲ, ಕನ್ನಡಕವನ್ನು ಒರೆಸಿ ಹಾಕಿಕೊಂಡು "ಅದರಾಗ ಕೊಸರೆಷ್ಟು?" ಎಂದು ಕೇಳಿದರು. ನಡೆದದ್ದನ್ನೆಲ್ಲ ಸವಿಸ್ತಾರವಾಗಿ ಹೇಳಿ, ಒಂದು ಅಂಕ ಎಂದು ಹೆಮ್ಮೆಯಿಂದ ಬೆರಳೆತ್ತಿ ತೋರಿಸಿದೆ.

ಅತ್ತೆಯವರು ಆ ಒಂಟಿ ಬೆರಳನ್ನು ನೋಡಿ ತಲೆಯಾಡಿಸಿದರು.

"ಬಾಗಲದ ತನಕಾ ಹೋಗಿ ಬರೇ ಒಂದೇನು? ಹೊಸ್ತಿಲಾ ದಾಟಿದ್ರ ಎರಡು ಹಾಕ್ತಿದ್ದ."